ನಿಮಗಿದು ಗೊತ್ತೆ? ಹಾರ್ಮೋನು ಒಂದೇ, ಫಲ ಬೇರೆ ಬೇರೆ!

ಬೆಂಗಳೂರಿನ ಹೆಬ್ಬಾಳದಿಂದ ಯಲಹಂಕದತ್ತ ಸಾಗುವ ಬಳ್ಳಾರಿ ರಸ್ತೆಯ ಮಗ್ಗುಲಲ್ಲಿ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನೆಲೆಗೊಂಡಿರುವ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರವು ಪ್ರಯೋಗಾರ್ಥವಾಗಿ ಇಲಿಗಳನ್ನು ಸಾಕುವ ಸಂಸ್ಥೆಗಳಲ್ಲೊಂದು.

ಇಂತಹ ಇಲಿಗಳಿಂದ ಅಧಿಕ ಅಂಡಗಳನ್ನು ಪಡೆಯಲು ವಿಜ್ಞಾನಿಗಳು, ಗಬ್ಬದ ಕುದುರೆಯ ಸೀರಮ್ಮಿನಿಂದ ತೆಗೆದ ಹಾರ್ಮೋನನ್ನು ಮೊದಲು ಚುಚ್ಚಿ, ಸುಮಾರು 42ರಿಂದ 48 ಗಂಟೆಗಳ ತರುವಾಯ ಮಾನವ ಗರ್ಭಸಂಬಂಧಿಯಾದ ಎಚ್‌ಸಿಜಿ ಹಾರ್ಮೋನನ್ನು ನೀಡುವುದು ಲೋಕದಾದ್ಯಂತ ರೂಢಿಯಲ್ಲಿರುವ ಕ್ರಮ. ಆದರೆ ಚಿಕಿತ್ಸೆ ಏಕರೂಪವಾಗಿದ್ದರೂ ಫಲವು ವಂಶಾನುಸಾರಿ: ‘ಸಿ57ಬಿಎಲ್/6’ ತಳಿಯ ಎಳೆಯ ಹೆಣ್ಣಿಲಿ 40ರಿಂದ 60 ಅಂಡಗಳನ್ನು ಕೊಡಬಲ್ಲುದಾದರೆ, ‘ಎ/ಜೆ’, ‘ಡಿಬಿಎ/2’ ತಳಿಗಳಲ್ಲಿ ಆ ಸಂಖ್ಯೆ ಸಾಮಾನ್ಯವಾಗಿ 15ನ್ನು ಮೀರದು.

ಗಂಡಿಲಿಗಳಲ್ಲಿಯೂ ಈ ತಾರತಮ್ಯ ಉಂಟು. 1999ರಲ್ಲಿ ಜಿಮ್ಮಿ ಸ್ಪಿಯರೋ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಎಳೆಯ ಗಂಡಿಲಿಗಳ ಜನನಾಂಗಗಳ ಬೆಳವಣಿಗೆಯನ್ನು ಕುಂಠಿಸುವ ಈಸ್ಟ್ರಡಯೋಲ್ ಎಂಬ ಸ್ತ್ರೀ ಹಾರ್ಮೋನಿಗೆ ತಳಿತಳಿಗಳ ಸಂವೇದನೆಯಲ್ಲಿ 16 ಪಟ್ಟಿಗೂ ಮಿಗಿಲಾದ ಅಂತರವಿದ್ದು, ಹೆಚ್ಚು ಮರಿಗಳಿಗಾಗಿ ಆರಿಸಿ ಬೆಳೆಸಿದ ‘ಸಿಡಿ-1’ ಇಲಿಗಳು ಅದನ್ನು ಬಹುಮಟ್ಟಿಗೆ ತಡೆದುಕೊಂಡವು.

ಆದುದರಿಂದ ಒಂದೇ ತಳಿಯ ಮೇಲೆ ಪರೀಕ್ಷಿಸಿದ ಮಾತ್ರಕ್ಕೆ ಯಾವ ರಾಸಾಯನಿಕವನ್ನೂ ನಿರಪಾಯಕರವೆಂದು ಸಾರುವುದು ಯುಕ್ತವಲ್ಲ.