ಗಡಿ ದಾಟಿದ ರೋಗಿಯ ಲೆಕ್ಕ ಇಡುವವರಾರು?

ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯಿಂದ ಸಹಿ ಪಡೆಯುವ ಸಮ್ಮತಿಪತ್ರಗಳನ್ನು ಓದುವ ಸಂದರ್ಭ ವಕೀಲನಾದ ನನಗೆ ಆಗಾಗ ಒದಗುತ್ತದೆ. ರಕ್ತಸ್ರಾವ, ಸೋಂಕು, ಹೊಲಿಗೆಯ ಸೋರಿಕೆ ಎಂದು ಅಪಾಯಗಳ ಪಟ್ಟಿಯೇನೋ ಅವುಗಳಲ್ಲಿರುತ್ತದೆ. ಆದರೆ ಆ ಆಸ್ಪತ್ರೆಯಲ್ಲಿ ಇದೇ ಚಿಕಿತ್ಸೆಗೆ ಒಳಗಾದವರು ಮೂರೋ ಐದೋ ವರ್ಷಗಳ ತರುವಾಯ ಹೇಗಿದ್ದಾರೆಂಬ ವಿವರವನ್ನು ನಾನು ಕಂಡಿಲ್ಲ. ಅಂಥ ಲೆಕ್ಕವನ್ನು ದೇಶದ ಮಟ್ಟದಲ್ಲಿ ಇಡುವ ವ್ಯವಸ್ಥೆಗೆ ಕ್ಲಿನಿಕಲ್ ರಿಜಿಸ್ಟ್ರಿ ಎಂದು ಹೆಸರು.

ಸ್ವೀಡನ್ 2007ರಲ್ಲಿ ಬೊಜ್ಜಿನ ಶಸ್ತ್ರಚಿಕಿತ್ಸೆಗೆಂದೇ ಇಂಥದೊಂದು ರಿಜಿಸ್ಟ್ರಿಯನ್ನು ಆರಂಭಿಸಿತು. ಅಲ್ಲಿ ಪ್ರತಿ ನಾಗರಿಕನಿಗೂ ಒಂದು ಗುರುತಿನ ಸಂಖ್ಯೆಯಿದೆ. ಒಂದೂರಿನಲ್ಲಿ ಚಿಕಿತ್ಸೆ ಪಡೆದವನು ಮತ್ತೊಂದೂರಿನ ಆಸ್ಪತ್ರೆ ಸೇರಿದರೂ ಆ ಸಂಗತಿ ದಾಖಲೆಯಿಂದ ತಪ್ಪಿಹೋಗುವುದಿಲ್ಲ.

ಇದರ ಫಲಕ್ಕೆ ಒಂದು ನಿದರ್ಶನ ಸಾಕು. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಿಂದ ಪುಟ್ಟ ಚೀಲವೊಂದನ್ನು ರೂಪಿಸಿ ಸಣ್ಣಕರುಳನ್ನು ಅದಕ್ಕೆ ಜೋಡಿಸುತ್ತಾರೆ. ಆಗ ಕರುಳನ್ನು ಹಿಡಿದಿಡುವ ಪೊರೆಯಲ್ಲಿ ಸಂದುಗಳು ಉಳಿಯುತ್ತವೆ. ರೋಗಿ ತೆಳ್ಳಗಾದಂತೆ ಕೊಬ್ಬು ಕರಗಿ ಸಂದು ಅಗಲವಾಗುತ್ತದೆ; ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ಕರುಳು ಅದರೊಳಗೆ ನುಸುಳಿ ಸಿಕ್ಕಿಕೊಳ್ಳಬಹುದು. ಸಂದನ್ನು ಮೊದಲೇ ಮುಚ್ಚಬೇಕೇ ಬೇಡವೇ ಎಂಬುದರಲ್ಲಿ ವೈದ್ಯರಲ್ಲಿ ಒಮ್ಮತವಿರಲಿಲ್ಲ. ಸ್ವೀಡನ್ನಿನ 12 ಕೇಂದ್ರಗಳಲ್ಲಿ 2507 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ರಿಜಿಸ್ಟ್ರಿಯ ನೆರವಿನಿಂದ ಅವರ ಸ್ಥಿತಿಗತಿಯನ್ನು ಗಮನಿಸಲಾಯಿತು. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ಕರುಳು ಕಟ್ಟಿಕೊಂಡು ಮೂರು ವರ್ಷಗಳೊಳಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾದವರ ಪ್ರಮಾಣ ಸಂದು ಮುಚ್ಚದವರಲ್ಲಿ ಶೇ. 10.2, ಮುಚ್ಚಿದವರಲ್ಲಿ ಶೇ. 5.5. ಆದರೆ ಮೊದಲ 30 ದಿನಗಳ ತೀವ್ರ ತೊಡಕುಗಳು ಮುಚ್ಚಿದವರಲ್ಲೇ ಹೆಚ್ಚಿದ್ದವು: ಶೇ. 2.8ಕ್ಕೆ ಪ್ರತಿಯಾಗಿ 4.3. ಹೊಲಿಗೆಯಿಂದ ಕರುಳಿನ ಜೋಡಣೆ ಮಡಚಿಕೊಳ್ಳುತ್ತಿದ್ದುದು ಇದಕ್ಕೆ ಮುಖ್ಯ ಕಾರಣ. ಲಾಭನಷ್ಟಗಳೆರಡನ್ನೂ ಒಟ್ಟಿಗೆ ತೋರಿಸುವ ಇಂಥ ಲೆಕ್ಕ ಎಷ್ಟೇ ನುರಿತ ವೈದ್ಯನಾದರೂ ಒಬ್ಬನ ಅನುಭವಕ್ಕೆ ದಕ್ಕುವಂಥದಲ್ಲ.

ಅಮೆರಿಕದ ಮಿಷಿಗನ್ ರಾಜ್ಯದ ಆಸ್ಪತ್ರೆಗಳ ಒಕ್ಕೂಟದ್ದು ಇನ್ನೂ ದಿಟ್ಟ ಹೆಜ್ಜೆ. 20 ಶಸ್ತ್ರಚಿಕಿತ್ಸಕರು ತಮ್ಮ ಕೆಲಸದ ವಿಡಿಯೋಗಳನ್ನು ಒಪ್ಪಿಸಿದರು. ಸಹವೃತ್ತಿಯವರು ಹೆಸರು ತಿಳಿಯದೆ ಅಂಕ ನೀಡಿದರು. ಆ ಅಂಕಗಳನ್ನು ರಿಜಿಸ್ಟ್ರಿಯೊಡನೆ ತಾಳೆ ನೋಡಿದಾಗ, ಕೆಳಗಿನ ಕಾಲುಭಾಗದವರ ರೋಗಿಗಳಲ್ಲಿ ತೊಡಕು ಶೇ. 14.5, ಮೇಲಿನ ಕಾಲುಭಾಗದವರಲ್ಲಿ ಶೇ. 5.2 ಎಂದು 2013ರಲ್ಲಿ ವರದಿಯಾಯಿತು. ನಮ್ಮ ವಕೀಲರ ಸಂಘವು ಸದಸ್ಯರ ವಾದವೈಖರಿಗೆ ಹೀಗೆ ಅಂಕ ಹಾಕಿಸಲು ಒಪ್ಪೀತೆಂದು ನನಗೆ ಅನಿಸುವುದಿಲ್ಲ.

ಭಾರತದಲ್ಲಿಯೂ ಈ ಶಸ್ತ್ರಚಿಕಿತ್ಸಕರ ಸಂಘದ ರಿಜಿಸ್ಟ್ರಿಯಿದೆ. ಅದು ವೃತ್ತಿಬಾಂಧವರ ಸ್ವಂತ ಪ್ರಯತ್ನ. ಇನ್ನು ನಮ್ಮಂಥ ಗಡಿನಾಡಿನವರ ಪಾಡು ಬೇರೆಯೇ. ಮಂಗಳೂರಿನಲ್ಲಿ ಬೈಪಾಸ್ ಮಾಡಿಸಿಕೊಂಡ ಕಾಸರಗೋಡಿನವರೊಬ್ಬರಿಗೆ ಮೂರು ವರ್ಷಗಳ ಬಳಿಕ ನಡುರಾತ್ರಿ ಹೊಟ್ಟೆನೋವು ಬಂದರೆ ಅವರನ್ನು ಕಣ್ಣೂರಿಗೂ ಕರೆದೊಯ್ಯಬಹುದು. 2020ರ ಲಾಕ್‌ಡೌನಿನಲ್ಲಿ ತಲಪಾಡಿಯ ರಸ್ತೆ ಮುಚ್ಚಿದಾಗ ಆಯ್ಕೆಯೇ ಇರಲಿಲ್ಲ. ಕಣ್ಣೂರಿನ ಸಂಗತಿ ಮಂಗಳೂರಿಗೆ ತಾನಾಗಿ ತಲುಪದು. ಆ ರೋಗಿ ಅಲ್ಲಿನ ಕಡತದಲ್ಲಿ ಗುಣಮುಖರಾದವರಾಗಿಯೇ ಉಳಿಯುತ್ತಾರೆ. ಸಂದು ಮುಚ್ಚುವ ಪ್ರಶ್ನೆಗೆ ತಪ್ಪು ಉತ್ತರವೊಂದು ಸೇರಿಕೊಳ್ಳುತ್ತದೆ.

ಖಾಸಗಿತನದ ಕಾನೂನು ಇಂಥ ದಾಖಲೆಗೆ ಅಡ್ಡಿಯೆಂದು ಕೆಲವರು ವಾದಿಸುವುದುಂಟು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಸಂಶೋಧನೆ ಮತ್ತು ಅಂಕಿಅಂಶದ ಉದ್ದೇಶಕ್ಕೆ ಷರತ್ತುಬದ್ಧ ವಿನಾಯಿತಿಯನ್ನಿತ್ತಿದೆ. ನನ್ನ ತಕರಾರು ಬೇರೊಂದು ನಿಯಮದ ಮೇಲೆ. 2002ರ ವೈದ್ಯಕೀಯ ನೀತಿಸಂಹಿತೆಯ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಇಟ್ಟರೆ ಸಾಕು. ಸ್ವೀಡನ್ನಿನ ಪರೀಕ್ಷೆಯ 2016ರ ಫಲಿತಾಂಶ ಒಳಗೊಂಡ ಅವಧಿಯೂ ಅಷ್ಟೇ. ಕರುಳು ಸಿಕ್ಕಿಕೊಳ್ಳುವ ಅಪಾಯ ಮಾತ್ರ ಅಲ್ಲಿಗೆ ಮುಗಿಯುವುದಿಲ್ಲ.

ಅದೇ ಸಂಹಿತೆಯಂತೆ ರೋಗಿ ಕೇಳಿದರೆ 72 ಗಂಟೆಗಳೊಳಗೆ ದಾಖಲೆ ಒದಗಿಸಬೇಕು. ಶಸ್ತ್ರಚಿಕಿತ್ಸೆಯಾದವರು ಬಿಡುಗಡೆಯ ಚೀಟಿಯೊಂದಿಗೆ ಶಸ್ತ್ರಚಿಕಿತ್ಸಾ ಟಿಪ್ಪಣಿಯ ಪ್ರತಿಯನ್ನೂ ಲಿಖಿತವಾಗಿ ಕೇಳಿ ಪಡೆದು ಮನೆಯಲ್ಲಿಟ್ಟುಕೊಳ್ಳಬೇಕು. ಕರುಳನ್ನು ಹೇಗೆ ಜೋಡಿಸಲಾಗಿದೆ, ಸಂದು ಮುಚ್ಚಲಾಗಿದೆಯೇ ಎಂಬುದನ್ನು ಗಡಿಯಾಚೆಯ ವೈದ್ಯರು ಅದರಿಂದಲೇ ತಿಳಿಯಬೇಕಾಗುತ್ತದೆ.