ಮನೆದೆರೆಯಿಂದ ಮನೆಪಟ್ಟಿಯವರೆಗೆ

ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಮನೆವಣ’, ‘ಮನೆದೆರೆ’ ಎಂಬ ಮಾತುಗಳು ಬರುತ್ತವೆ. ವಾಸದ ಮನೆಯ ಮೇಲಿನ ತೆರಿಗೆ ಅದು. ‘ಸಿದ್ಧಾಯ’ ಎಂಬ ಪದವೂ ಇದೆ. ಮೊದಲೇ ಗೊತ್ತುಪಡಿಸಿದ ಕಂದಾಯವೆಂದು ಅರ್ಥ. ಯಾದಗಿರಿ, ಶಹಾಪುರ, ಸುರಪುರ ನಗರಸಭೆಗಳಿಗೆ ಇಂದು ಮನೆಪಟ್ಟಿ ಕಟ್ಟುವವರಿಗೆ ಇಲ್ಲವಾಗಿರುವುದು ಆ ಸಿದ್ಧಾಯದ ನೆಮ್ಮದಿ.

ನಿಜಾಮರ ಆಳ್ವಿಕೆಯಲ್ಲಿದ್ದ ಈ ಭಾಗ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1964ರಲ್ಲಿ ಪೌರಸಭೆಗಳ ಕಾಯ್ದೆ ಬಂತು. ಮನೆಗೆ ವರ್ಷಕ್ಕೆಷ್ಟು ಬಾಡಿಗೆ ಬಂದೀತೆಂದು ಅಂದಾಜು ಮಾಡಿ ಪಟ್ಟಿ ಹಾಕುತ್ತಿದ್ದ ಕಾಲವದು. ಅಂದಾಜು ಎಂದ ಮೇಲೆ ಹೆಚ್ಚು ಕಡಿಮೆ ಮಾಡಿಸಿಕೊಳ್ಳುವ ದಾರಿಗಳೂ ಇದ್ದವೆನ್ನಿ. 2002ರಿಂದೀಚೆಗೆ ಸ್ವಯಂ ಘೋಷಣೆ ಬಂದು, ಆಸ್ತಿಯ ಮೌಲ್ಯವೇ ಲೆಕ್ಕದ ಆಧಾರವಾಯಿತು. ಮೂರು ವರ್ಷಕ್ಕೊಮ್ಮೆ ಕನಿಷ್ಠ ಶೇ 15ರ ಏರಿಕೆ ಕಡ್ಡಾಯವಾಯಿತು.

ಕೊರೋನಾ ಕಾಲದಲ್ಲಿ, 2020ರಲ್ಲಿ, ರಾಜ್ಯಗಳು ಹೆಚ್ಚು ಸಾಲ ಎತ್ತಬೇಕಾದರೆ ಆಸ್ತಿ ತೆರಿಗೆಯನ್ನು ನಿವೇಶನದ ಸರ್ಕಾರಿ ದರಕ್ಕೆ ಹೊಂದಿಸಬೇಕೆಂದು ಕೇಂದ್ರ ಷರತ್ತು ಹಾಕಿತು. ಕರ್ನಾಟಕ ಕಾಯ್ದೆ ತಿದ್ದಿತು. ನೋಂದಣಿ ಇಲಾಖೆಯ ಮಾರ್ಗಸೂಚಿ ದರವೇ ಅಡಿಪಾಯ. ಅದರ ಜೊತೆಗೆ ವರ್ಷಕ್ಕೆ ಶೇ 3ರಿಂದ 5ರ ಏರಿಕೆ.

ಇದು ಕೂಲಿಗಿಂತ ವೇಗವೇ? ಉದ್ಯೋಗ ಖಾತರಿಯ ದಿನಗೂಲಿ ರಾಜ್ಯದಲ್ಲಿ 2021-22ರಲ್ಲಿ ರೂ. 289 ಇದ್ದದ್ದು 2025-26ಕ್ಕೆ ರೂ. 370 ಆಯಿತು, ಶೇ 28ರಷ್ಟು ಏರಿಕೆ. ವರ್ಷಕ್ಕೆ ಶೇ 5ರಂತೆ ಅದೇ ಅವಧಿಯಲ್ಲಿ ಮನೆಪಟ್ಟಿ ಏರುವುದು ಶೇ 21.5 ಮಾತ್ರ. ಹೀಗಾಗಿ ವಾರ್ಷಿಕ ಏರಿಕೆಯೊಂದನ್ನೇ ದೂರಿ ಫಲವಿಲ್ಲ. (ಆ ಕೂಲಿ ಹಳ್ಳಿಯವರದು, ಪಟ್ಟಣದ ಬಡವನಿಗೆ ಆ ಖಾತರಿಯೂ ಇರಲಿಲ್ಲ ಎಂಬುದು ಬೇರೆ ಮಾತು.) ಪೆಟ್ಟು ಬೀಳುವುದು ಅಡಿಪಾಯವೇ ಮೇಲೆದ್ದಾಗ. 2023ರ ಅಕ್ಟೋಬರ್ 1ರಂದು ಮಾರ್ಗಸೂಚಿ ದರ ರಾಜ್ಯದಲ್ಲಿ ಸರಾಸರಿ ಶೇ 30ರ ಆಸುಪಾಸು ಒಂದೇ ಏಟಿಗೆ ಏರಿತು. ನಿವೇಶನದ ಬೆಲೆ ಏರಿದರೆ ಮಾರುವವನಿಗೆ ಲಾಭ. ಅಪ್ಪ ಕಟ್ಟಿಸಿದ ಎರಡು ಕೋಣೆಯಲ್ಲೇ ಬದುಕುವವನಿಗೆ ಆ ಬೆಲೆ ಕಾಗದದ ಮೇಲಿನದು, ಪಟ್ಟಿ ಮಾತ್ರ ನಗದು.

ಇನ್ನು ಕಟ್ಟುವ ಕಾಲ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ. ಜುಲೈಯಿಂದ ತಿಂಗಳಿಗೆ ಶೇ 2 ದಂಡ, ಅಂದರೆ ವರ್ಷಕ್ಕೆ ಶೇ 24ರ ಲೆಕ್ಕ. ಈ ಸೀಮೆಯ ಕೂಲಿಕಾರರು ಬೇಸಿಗೆಯಲ್ಲಿ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗಿರುತ್ತಾರೆ. ಮಳೆ ಬಿದ್ದ ಮೇಲೆ ಊರಿಗೆ ಬರುವವರಿಗೆ ರಿಯಾಯಿತಿ ಸಿಗುವುದಿಲ್ಲ, ದಂಡ ಸಿಗುತ್ತದೆ. ಬಾಕಿ ಉಳಿದರೆ ಇ-ಖಾತೆಯೂ ಕೈಗೆ ಬರದು.