ಮೈಯೊಳಗಿನ ಪೊರೆಗಳು: ಮನೆಯಲ್ಲೇ ಕಲಿಸಬಹುದಾದ ಪಾಠ

ಪಾಲಕರೇ, ‘ಪೊರೆ ಎಂದರೇನು?’ ಎಂದು ನಿಮ್ಮ ಮಗುವನ್ನೊಮ್ಮೆ ಕೇಳಿ ನೋಡಿ. ಪುಸ್ತಕದ ಉತ್ತರವನ್ನು ಗಡಗಡನೆ ಒಪ್ಪಿಸಬಹುದು. ನಿನ್ನ ಮೈಯಲ್ಲಿ ಅದು ಎಲ್ಲಿದೆ ಎಂದರೆ ತಡವರಿಸಬಹುದು. ಬಾಯಿಪಾಠ ಪರೀಕ್ಷೆಯೊಂದಿಗೆ ಮುಗಿಯುತ್ತದೆ, ಮುಟ್ಟಿ ತಿಳಿದದ್ದು ಉಳಿಯುತ್ತದೆ. ಇದನ್ನು ಕಲಿಸಲು ನೀವು ವಿಜ್ಞಾನ ಓದಿರಬೇಕಾಗಿಲ್ಲ.

ಪೊರೆ ಎಂದರೆ ತೆಳುವಾದ ಹೊದಿಕೆ. ಬೇಯಿಸಿದ ಮೊಟ್ಟೆಯ ಚಿಪ್ಪಿಗೆ ಒಳಗಡೆ ಅಂಟಿಕೊಂಡಿರುವ ಬಿಳಿಯ ಸಿಪ್ಪೆಯೂ ಪೊರೆಯೇ. ನಮ್ಮ ದೇಹದಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಪೊರೆಗಳಿವೆ.

ಮೊದಲನೆಯದು ಚರ್ಮ. ಒಳಗಿನ ನೀರು ಆರದಂತೆಯೂ ಹೊರಗಿನ ರೋಗಾಣು ನುಗ್ಗದಂತೆಯೂ ಅದು ಕಾಯುತ್ತದೆ.

ಎರಡನೆಯದು ಲೋಳೆಪೊರೆ. ಕೆನ್ನೆಯ ಒಳಭಾಗವನ್ನು ನಾಲಿಗೆಯಿಂದ ಸವರಲು ಹೇಳಿ; ಆ ನುಣುಪು ಇದರದೇ. ಮೂಗು, ಶ್ವಾಸನಾಳ, ಜಠರ, ಕರುಳುಗಳ ಒಳಮೈಯೆಲ್ಲ ಇದೇ ಹೊದಿಕೆ. ಮೂಗಿನಲ್ಲಿ ಇದರ ಲೋಳೆ ಧೂಳನ್ನು ಹಿಡಿಯುತ್ತದೆ; ಜಠರದಲ್ಲಿ ಅಲ್ಲಿನ ಆಮ್ಲ ಜಠರವನ್ನೇ ಸುಡದಂತೆ ತಡೆಯುತ್ತದೆ; ಸಣ್ಣ ಕರುಳಿನಲ್ಲಿ ಈ ಪೊರೆಯೇ ಆಹಾರದ ಸಾರವನ್ನು ಹೀರುತ್ತದೆ.

ಮೂರನೆಯದು ಶ್ವಾಸಕೋಶ, ಹೃದಯ ಮತ್ತು ಹೊಟ್ಟೆಯ ಅಂಗಗಳನ್ನು ಸುತ್ತಿರುವ ಜೋಡಿ ಪೊರೆ. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಒಂದೆರಡು ತೊಟ್ಟು ನೀರು ಹಾಕಿ ಒತ್ತಿ. ಹಾಳೆಗಳು ಜಾರುತ್ತವೆ, ಆದರೆ ಸುಲಭವಾಗಿ ಬೇರೆಯಾಗವು. ಈ ಪೊರೆಗಳ ನಡುವಿನ ತೆಳುದ್ರವದ ಕೆಲಸವೂ ಅದೇ. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿದರೂ ಉಜ್ಜಿ ಸವೆಯದಿರುವುದು ಇದರಿಂದ.

ನಾಲ್ಕನೆಯದು ಕೀಲಿನ ಪೊರೆ. ಮೊಣಕಾಲಿನಂಥ ಕೀಲುಗಳಿಗೆ ಬಂಡಿಯ ಅಚ್ಚಿಗೆ ಎಣ್ಣೆ ಹಾಕುವಂತೆ ಜಾರುದ್ರವ ಒದಗಿಸುತ್ತದೆ.

ಇನ್ನೆರಡು ಪೊರೆಗಳನ್ನು ಪರೀಕ್ಷೆಗಲ್ಲ, ಮನೆಯ ಒಳಿತಿಗಾಗಿ ತಿಳಿದಿರಿ. ಕಿವಿತಮಟೆಯ ದಪ್ಪ ಸುಮಾರು 0.1 ಮಿ.ಮೀ. ಮಾತ್ರ. ಮಗುವಿನ ಕಿವಿಗೆ ಪಿನ್ನು, ಬೆಂಕಿಕಡ್ಡಿ ಹಾಕಬೇಡಿ. ಬಿಸಿ ಎಣ್ಣೆಯನ್ನೂ ಬಿಡಬೇಡಿ. ಮೆದುಳಿಗೆ ಮೂರು ಪದರದ ಪೊರೆಯಿದೆ. ಅದಕ್ಕೆ ಸೋಂಕು ತಗುಲಿದರೆ ಜೀವಕ್ಕೇ ಅಪಾಯ. ಜ್ವರದೊಂದಿಗೆ ತೀವ್ರ ತಲೆನೋವು, ವಾಂತಿ, ಕತ್ತು ಬಗ್ಗಿಸಲಾಗದ ಬಿಗಿತ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಒಂದು ಪದದಲ್ಲಿ ಮಕ್ಕಳು ಎಡವುತ್ತಾರೆ. ಅಜ್ಜಿಯ ಕಣ್ಣಿಗೆ ‘ಪೊರೆ ಬಂದಿದೆ’ ಎನ್ನುತ್ತೇವಲ್ಲ, ಅದು ಹೊಸದಾಗಿ ಬೆಳೆದ ಪೊರೆಯಲ್ಲ. ಕಣ್ಣಿನೊಳಗಿನ ಮಸೂರವೇ ಮಬ್ಬಾಗಿರುತ್ತದೆ. ಈ ವ್ಯತ್ಯಾಸವನ್ನು ಬಿಡಿಸಿ ಹೇಳಿ.

ತಾಳವಾಡಿ, ಹೊಸೂರು ಕಡೆಯ ಪಾಲಕರಿಗೆ ಇನ್ನೊಂದು ಮಾತು. ತಮಿಳು ಪುಸ್ತಕದಲ್ಲಿ ಪೊರೆಗೆ ‘ಸವ್ವು’ ಎನ್ನುತ್ತಾರೆ. ಕಿವಿತಮಟೆಗೆ ‘ಸೆವಿಪ್ಪರೈ’, ‘ಪರೈ’ ಎಂದರೂ ತಮಟೆಯ ಜಾತಿಯ ವಾದ್ಯವೇ. ಕನ್ನಡದಲ್ಲಿ ಅರ್ಥ ಗಟ್ಟಿಯಾದ ಮಗುವಿಗೆ ಇನ್ನೊಂದು ಭಾಷೆಯ ಹೆಸರು ಹೊರೆಯಾಗುವುದಿಲ್ಲ. ಎರಡೂ ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ಅಕ್ಕಪಕ್ಕ ಬರೆಸಿ.